ಹಸುವಿನ ಹಾಲೋ, ಬಾದಾಮಿಯ ಹಾಲೋ? ಮೊದಲು ಕುಡಿಯುವವರನ್ನು ನೋಡೋಣ

ಹಾಲೆಂದರೆ ನಮ್ಮ ನಾಡಿನಲ್ಲಿ ಕೇವಲ ಒಂದು ಆಹಾರಪದಾರ್ಥವಲ್ಲ. ಹೊಸ ಮನೆಗೆ ಕಾಲಿಡುವಾಗ ಹಾಲು ಉಕ್ಕಿಸುತ್ತೇವೆ. ಅಗಲಿದ ಹಿರಿಯರಿಗೆ ಹಾಲುತುಪ್ಪ ಬಿಡುತ್ತೇವೆ. ಕಪಟವರಿಯದವರನ್ನು ಹಾಲಿನಂಥ ಮನಸ್ಸಿನವರೆಂದು ಕೊಂಡಾಡುತ್ತೇವೆ. ಹುಟ್ಟಿನಿಂದ ಕೊನೆಯವರೆಗೆ ಜೊತೆಗಿರುವ ಇಂಥ ಪದಾರ್ಥದ ಬಗ್ಗೆ ಈಚಿನ ವರ್ಷಗಳಲ್ಲಿ ಭಕ್ತರ ಮನಸ್ಸಿನಲ್ಲಿ ಒಂದು ಸಂಶಯ ಮೂಡಿದೆ. ಅಮಾವಾಸ್ಯೆಯಂದು ಮಠಕ್ಕೆ ಬಂದವರೂ, ಬೇಲೂರಿನ ನಮ್ಮ ಚಿಕಿತ್ಸಾಲಯಕ್ಕೆ ಬಂದವರೂ ಒಂದೇ ಮಾತನ್ನು ಕೇಳುತ್ತಾರೆ: "ಬೆಂಗಳೂರಿನಲ್ಲಿರುವ ಮಗ-ಸೊಸೆ ಹಸುವಿನ ಹಾಲು ಬೇಡ, ಬಾದಾಮಿ ಹಾಲು, ಓಟ್ಸ್ ಹಾಲು ಕುಡಿಯಿರಿ ಎನ್ನುತ್ತಾರೆ. ಇದು ಸರಿಯೇ ಡಾಕ್ಟರೇ?"

ಪ್ರಶ್ನೆ ಸಣ್ಣದಲ್ಲ. ಹಾಲು ಮಾರಿ ಬದುಕುವ ಸಾವಿರಾರು ಕುಟುಂಬಗಳು ನಮ್ಮ ಹಾಸನ ಜಿಲ್ಲೆಯಲ್ಲಿವೆ. ಹಾಲು ಕುಡಿದೇ ಬೆಳೆಯಬೇಕಾದ ಮಕ್ಕಳೂ ಇದ್ದಾರೆ. ಆದುದರಿಂದ ಉತ್ತರವನ್ನು ಮೊದಲೇ ಹೇಳಿ, ಕಾರಣಗಳನ್ನು ಅನಂತರ ವಿವರಿಸುತ್ತೇವೆ. ಬೆಳೆಯುವ ಮಗುವಿಗೆ ಹಾಲು ಬೇಕು. ಒಗ್ಗದ ಹಿರಿಯರಿಗೆ ಹಾಲು ಕಡ್ಡಾಯವಲ್ಲ. ಪೊಟ್ಟಣದಲ್ಲಿ ಬರುವ ಬಾದಾಮಿ ಪಾನೀಯವು ಇವರಿಬ್ಬರಲ್ಲಿ ಯಾರಿಗೂ ಹಾಲಿನ ಸ್ಥಾನವನ್ನು ತುಂಬುವುದಿಲ್ಲ. ಯಾವ ಹಾಲು ಉತ್ತಮ ಎಂದು ವಾದಿಸುವ ಮುನ್ನ ಅದನ್ನು ಕುಡಿಯುವವರು ಯಾರು, ಅವರ ವಯಸ್ಸೆಷ್ಟು, ಜಠರಾಗ್ನಿ ಹೇಗಿದೆ ಎಂಬುದನ್ನು ನೋಡಬೇಕು. ಆಯುರ್ವೇದದ ಕ್ರಮವೂ ಇದೇ.

ಹೆಸರಿನ ಗೊಂದಲ

ಮೊದಲು ಹೆಸರನ್ನು ಬಿಡಿಸಿಕೊಳ್ಳೋಣ. ನಮ್ಮ ಕನ್ನಡದಲ್ಲಿ 'ಬಾದಾಮಿ ಹಾಲು' ಎಂದರೆ ಹಸುವಿನ ಹಾಲಿಗೆ ಬಾದಾಮಿ, ಏಲಕ್ಕಿ, ಕೇಸರಿ, ಸಕ್ಕರೆ ಬೆರೆಸಿ ಕಾಯಿಸಿದ ಪಾನೀಯ. ಬೇಕರಿಯಲ್ಲಿ ದೊರೆಯುವುದೂ ಅದೇ, ಮದುವೆಮನೆಯಲ್ಲಿ ಕೊಡುವುದೂ ಅದೇ. ಈಗ ಪೇಟೆಯ ಅಂಗಡಿಗಳಲ್ಲಿ ಅದೇ ಹೆಸರಿನಲ್ಲಿ ಕರೆಯಲ್ಪಡುತ್ತಿರುವ ಪೊಟ್ಟಣದಲ್ಲಿ ಹಾಲಿನ ಒಂದು ಹನಿಯೂ ಇಲ್ಲ. ನೆನೆಸಿದ ಬಾದಾಮಿಯನ್ನು ನೀರಿನಲ್ಲಿ ಅರೆದು, ಸೋಸಿ, ಅದು ಒಡೆಯದಂತೆ ಕೆಲವು ದ್ರವ್ಯಗಳನ್ನು ಸೇರಿಸಿ ತುಂಬಿದ್ದು ಅದು. ಅನೇಕ ಪೊಟ್ಟಣಗಳಲ್ಲಿ ಬಾದಾಮಿಯ ಪ್ರಮಾಣ ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ. ಉಳಿದುದರಲ್ಲಿ ಬಹುಪಾಲು ನೀರು. "ಬಾದಾಮಿ ಹಾಲು ಒಳ್ಳೆಯದಂತೆ" ಎಂದು ಒಬ್ಬರು ಹೇಳಿದರೆ ಕೇಳಿದವರು ಬೇರೆಯದನ್ನೇ ಕಲ್ಪಿಸಿಕೊಳ್ಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಈ ಗೊಂದಲ ನಮ್ಮೊಬ್ಬರದಲ್ಲ. 2017ರಲ್ಲಿ ಯೂರೋಪಿನ ಒಕ್ಕೂಟದ ನ್ಯಾಯಾಲಯವು ಸಂಪೂರ್ಣ ಸಸ್ಯಜನ್ಯವಾದ ಪದಾರ್ಥಗಳನ್ನು ಹಾಲು, ಬೆಣ್ಣೆ, ಗಿಣ್ಣು ಎಂಬ ಹೆಸರುಗಳಲ್ಲಿ ಮಾರಬಾರದೆಂದು ತೀರ್ಪಿತ್ತಿತು; ರೂಢಿಯಲ್ಲಿ ಬಂದ ಕೆಲವು ಹೆಸರುಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ 2021ರಲ್ಲಿ ಇದೇ ನಿಲುವನ್ನು ತಳೆದು, ಅಂತಹ ಪಾನೀಯಗಳ ಮೇಲೆ ಹಾಲೆಂಬ ಪದ ಇರಕೂಡದೆಂದು ಸೂಚಿಸಿತು. ವಿಷಯ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಹೆಸರಿನ ವ್ಯಾಜ್ಯ ನ್ಯಾಯಾಲಯದಲ್ಲಿ ತೀರಲಿ. ವೈದ್ಯರಾದ ನಮಗೆ ಮುಖ್ಯವಾದದ್ದು ಒಂದೇ: ಹೆಸರು ಹಾಲಾದ ಮಾತ್ರಕ್ಕೆ ಗುಣವೂ ಹಾಲಿನದಾಗುವುದಿಲ್ಲ.

ಶಾಸ್ತ್ರ ಹೇಳಿದ್ದೇನು, ಹೇಳದ್ದೇನು

ಚರಕಸಂಹಿತೆಯು ಎಂಟು ಬಗೆಯ ಹಾಲನ್ನು ಎಣಿಸುತ್ತದೆ: ಹಸು, ಎಮ್ಮೆ, ಆಡು, ಕುರಿ, ಒಂಟೆ, ಕುದುರೆ, ಆನೆ ಮತ್ತು ಮಾನುಷಿ, ಅಂದರೆ ತಾಯಿಯ ಹಾಲು. ಹಸುವಿನ ಹಾಲಿಗೆ ಮಧುರ, ಶೀತ, ಮೃದು, ಸ್ನಿಗ್ಧ, ಗುರು ಮೊದಲಾದ ಹತ್ತು ಗುಣಗಳನ್ನು ಹೇಳಿ, ಅದು ಓಜಸ್ಸಿಗೆ ಸಮಾನವಾದ ಗುಣಗಳುಳ್ಳದ್ದಾದ್ದರಿಂದ ಜೀವನೀಯವೆಂದೂ ರಸಾಯನವೆಂದೂ ಕರೆಯುತ್ತದೆ. ಎಮ್ಮೆಯ ಹಾಲು ಇನ್ನೂ ಗುರು, ಇನ್ನೂ ಶೀತ. ನಿದ್ರೆ ಬಾರದವರಿಗೂ ಅತಿಯಾದ ಜಠರಾಗ್ನಿಯುಳ್ಳವರಿಗೂ ಹಿತ. ಆಡಿನ ಹಾಲು ಲಘು. ಕೆಮ್ಮು, ಅತಿಸಾರಗಳಲ್ಲಿ ಪ್ರಶಸ್ತ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಗಿಡಗಳ ಹಾಲು ಚರಕರಿಗೆ ತಿಳಿಯದ ವಿಷಯವಾಗಿರಲಿಲ್ಲ. ಆ ಎಂಟು ಹಾಲುಗಳನ್ನು ಹೇಳಿದ ಅಧ್ಯಾಯದಲ್ಲಿಯೇ ಕಳ್ಳಿ, ಎಕ್ಕ, ಅಶ್ಮಂತಕಗಳ ಹಾಲನ್ನೂ ಹೇಳಿದ್ದಾರೆ. ಆದರೆ ಅವು ವಾಂತಿ, ಭೇದಿ ಮಾಡಿಸುವ ಚಿಕಿತ್ಸೆಗೆ ಬಳಸುವಂಥವು, ಆಹಾರವಲ್ಲ! ಬಿಳಿಯ ಬಣ್ಣವೂ ಹಾಲೆಂಬ ಹೆಸರೂ ಇದ್ದರೆ ಸಾಲದು, ಗುಣವನ್ನು ನೋಡಬೇಕೆಂಬ ಎಚ್ಚರ ಅಂದೇ ಇತ್ತು. ಎರಡನೆಯದು, ಹಾಲನ್ನು ಅಷ್ಟು ಹೊಗಳಿದ ಶಾಸ್ತ್ರ ಅದನ್ನು ಎಲ್ಲರಿಗೂ ಎಲ್ಲ ಕಾಲಕ್ಕೂ ವಿಧಿಸಲಿಲ್ಲ. 'ಗುರು' ಎಂಬ ಗುಣವೇ ಒಂದು ಎಚ್ಚರಿಕೆ. ಅಗ್ನಿ ಮಂದವಾದವರಿಗೆ, ಕಫ ಹೆಚ್ಚಿದವರಿಗೆ, ಆಮದ ಲಕ್ಷಣವಿರುವವರಿಗೆ ಹಾಲು ಭಾರ. ಹುಳಿಹಣ್ಣು, ಉಪ್ಪು, ಮೀನುಗಳೊಡನೆ ಹಾಲು ವಿರುದ್ಧಾಹಾರ. ಗ್ರಹಣಿ ಮತ್ತು ಮೂಲವ್ಯಾಧಿಗಳಲ್ಲಿ ಶಾಸ್ತ್ರ ಎತ್ತಿಹಿಡಿದದ್ದು ಮಜ್ಜಿಗೆಯನ್ನು. ಹಾಲೇ ಅಮೃತ ಎಂದು ವಾದಿಸುವವರೂ ಹಾಲೇ ವಿಷ ಎಂದು ವಾದಿಸುವವರೂ ಶಾಸ್ತ್ರದ ಅರ್ಧವನ್ನು ಮಾತ್ರ ಓದಿದವರು.

ಲೋಟದಲ್ಲಿ ಏನಿದೆ?

ಈಗ ಆಧುನಿಕ ಪೋಷಣಶಾಸ್ತ್ರದ ತಕ್ಕಡಿಯಲ್ಲಿಟ್ಟು ನೋಡೋಣ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 3.2 ಗ್ರಾಂ ಪ್ರೋಟೀನ್, ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇನ್ನೂರು ಮಿಲಿಲೀಟರಿನ ಒಂದು ಲೋಟ ಕುಡಿದರೆ ಆರು ಗ್ರಾಂಗೂ ಮಿಕ್ಕಿ ಪ್ರೋಟೀನ್, 240 ಮಿಲಿಗ್ರಾಂ ಕ್ಯಾಲ್ಸಿಯಂ ದೇಹಕ್ಕೆ ಸಿಗುತ್ತದೆ. ಸೋಯಾ ಪಾನೀಯದಲ್ಲಿ ಪ್ರೋಟೀನ್ ಹಾಲಿಗೆ ಹತ್ತಿರ, ನೂರು ಮಿಲಿಲೀಟರಿಗೆ ಸುಮಾರು 3 ಗ್ರಾಂ. ಓಟ್ಸ್ ಪಾನೀಯದಲ್ಲಿ ಸುಮಾರು 1 ಗ್ರಾಂ. ಬಾದಾಮಿ ಪಾನೀಯದಲ್ಲಿ ಬಹುಮಟ್ಟಿಗೆ ಅರ್ಧ ಗ್ರಾಂನ ಆಸುಪಾಸು. ತೆಂಗಿನ ಹಾಲಿನಲ್ಲಿ ಜಿಡ್ಡು ಹೇರಳ, ಪ್ರೋಟೀನ್ ಅತ್ಯಲ್ಪ. ಕಾರ್ಖಾನೆಯಲ್ಲಿ ಕ್ಯಾಲ್ಸಿಯಂ ಬೆರೆಸಿದ ಪೊಟ್ಟಣಗಳಿವೆ, ನಿಜ; ಆದರೆ ಬೆರೆಸಿದ್ದು ತಳದಲ್ಲಿ ಕೂರುತ್ತದೆ, ಚೆನ್ನಾಗಿ ಕುಲುಕದೆ ಕುಡಿದರೆ ಪೊಟ್ಟಣದಲ್ಲೇ ಉಳಿಯುತ್ತದೆ. ಮನೆಯಲ್ಲಿ ಅರೆದು ಸೋಸಿದ್ದರಲ್ಲಿ ಆ ಬೆರಕೆಯೂ ಇರುವುದಿಲ್ಲ.

ಓಟ್ಸ್ ಪಾನೀಯದ ವಿಷಯದಲ್ಲಿ ಮಧುಮೇಹಿಗಳಿಗೆ ಒಂದು ಕಿವಿಮಾತು. ಅದನ್ನು ತಯಾರಿಸುವಾಗ ಧಾನ್ಯದ ಪಿಷ್ಟವನ್ನು ಕಿಣ್ವಗಳಿಂದ ಒಡೆಯುತ್ತಾರೆ. ಆಗ ಮಾಲ್ಟೋಸ್ ಎಂಬ ಸಕ್ಕರೆ ಹುಟ್ಟುತ್ತದೆ. 'ಸಕ್ಕರೆ ಬೆರೆಸಿಲ್ಲ' ಎಂಬ ಬರಹ ನೋಡಿ ಮೋಸಹೋಗದೆ, ಕುಡಿದ ಮೇಲೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಥೈರಾಯ್ಡ್ ಮಾತ್ರೆ ಸೇವಿಸುವವರು ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ಮಾತ್ರ ತೆಗೆದುಕೊಳ್ಳಬೇಕು. ಹಾಲಾಗಲಿ ಸೋಯಾ ಪಾನೀಯವಾಗಲಿ ಅದರ ಜೊತೆಯಲ್ಲಿ ಸಲ್ಲದು.

ಇನ್ನೊಂದು ಅಂಶ ನಮ್ಮ ಮಠದ ಭಕ್ತರಿಗೆ ವಿಶೇಷವಾಗಿ ಅನ್ವಯಿಸುವಂಥದು. ಬಿ12 ಎಂಬ ಜೀವಸತ್ತ್ವ ಯಾವ ಧಾನ್ಯದಲ್ಲಿಯೂ, ಸೊಪ್ಪಿನಲ್ಲಿಯೂ, ಬಾದಾಮಿಯಲ್ಲಿಯೂ ಇಲ್ಲ. ಅದು ಮಾಂಸ, ಮೀನು, ಮೊಟ್ಟೆ ಮತ್ತು ಹಾಲಿನಲ್ಲಿ ಮಾತ್ರ ಸಹಜವಾಗಿ ದೊರೆಯುತ್ತದೆ. ಮೊದಲ ಮೂರನ್ನು ಮುಟ್ಟದ ಲಿಂಗಾಯತ ಕುಟುಂಬಕ್ಕೆ ಹಾಲು, ಮೊಸರು, ಮಜ್ಜಿಗೆಗಳೇ ಉಳಿದ ಒಂದೇ ದಾರಿ. ಮಾಂಸಾಹಾರಿಯೊಬ್ಬರು ಹಾಲು ಬಿಟ್ಟರೆ ಅವರಿಗೆ ಬೇರೆ ದಾರಿಗಳಿವೆ. ನಮ್ಮ ಮನೆಯವರು ಹಾಲನ್ನೂ ಬಿಟ್ಟರೆ ಬಾಗಿಲೇ ಮುಚ್ಚಿದಂತೆ. ಅದರ ಫಲ ತಕ್ಷಣ ಕಾಣುವುದಿಲ್ಲ. ದೇಹದಲ್ಲಿ ಕೂಡಿಟ್ಟದ್ದು ಕೆಲವು ವರ್ಷಗಳವರೆಗೂ ಬರಬಹುದು. ಅನಂತರ ಅಂಗಾಲು ಜೋಮು ಹಿಡಿಯುತ್ತದೆ, ನಡೆಯುವಾಗ ಸಮತೋಲ ತಪ್ಪುತ್ತದೆ, ರಕ್ತಹೀನತೆ ಬರುತ್ತದೆ, ಮರೆವು ಹೆಚ್ಚುತ್ತದೆ. ಇವುಗಳನ್ನು ವಯಸ್ಸಿನ ತೊಂದರೆಯೆಂದೋ ಸಕ್ಕರೆ ಕಾಯಿಲೆಯ ಪರಿಣಾಮವೆಂದೋ ತಳ್ಳಿಹಾಕಿ ಬಹಳ ತಡವಾಗಿ ಬರುವ ರೋಗಿಗಳನ್ನು ನಾವು ನೋಡುತ್ತಲೇ ಇದ್ದೇವೆ. ಯಾವ ಕಾರಣಕ್ಕಾದರೂ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಪೂರ್ತಿ ತೊರೆಯುವವರು ಬಿ12 ಮಾತ್ರೆಯನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಲೇಬೇಕು. ಆಯುರ್ವೇದ ವೈದ್ಯರಾಗಿಯೂ ಈ ಮಾತನ್ನು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಮಗುವಿನ ವಿಷಯದಲ್ಲಿ ಪ್ರಯೋಗ ಬೇಡ

ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಅನಂತರ ತಾಯಿಯ ಹಾಲಿನ ಜೊತೆಗೆ ಮೆತ್ತಗಿನ ಆಹಾರ. ಒಂದು ವರ್ಷ ತುಂಬುವ ಮೊದಲು ತಾಯಿಯ ಹಾಲಿನ ಬದಲಿಗೆ ಹಸುವಿನ ಹಾಲನ್ನೂ ಕೊಡಬಾರದು, ಬಾದಾಮಿ ಅಥವಾ ಓಟ್ಸ್ ಪಾನೀಯವನ್ನಂತೂ ಕೊಡಲೇಬಾರದು. ತಾಯಿಗೆ ಹಾಲು ಸಾಲದಿದ್ದರೆ ಮಕ್ಕಳ ವೈದ್ಯರನ್ನು ಕಾಣಬೇಕೇ ಹೊರತು ಅಂಗಡಿಯ ಪೊಟ್ಟಣವನ್ನಲ್ಲ.

ಒಂದರಿಂದ ಐದು ವರ್ಷದವರೆಗಿನ ಮಕ್ಕಳ ವಿಷಯದಲ್ಲಿ ಅಮೆರಿಕೆಯ ಮಾತನ್ನೇ ಕೇಳೋಣ. 2019ರಲ್ಲಿ ಅಲ್ಲಿಯ ಮಕ್ಕಳ ವೈದ್ಯರ, ದಂತವೈದ್ಯರ, ಆಹಾರತಜ್ಞರ ಮತ್ತು ಹೃದ್ರೋಗತಜ್ಞರ ಸಂಸ್ಥೆಗಳು ಒಟ್ಟುಗೂಡಿ, ಈ ವಯಸ್ಸಿನ ಮಕ್ಕಳಿಗೆ ಸಸ್ಯಜನ್ಯ ಪಾನೀಯಗಳನ್ನು ಹಾಲಿನ ಬದಲಿಗೆ ನಿತ್ಯವೂ ಕೊಡುವುದು ಸೂಕ್ತವಲ್ಲವೆಂದು ತಿಳಿಸಿದವು. ಹಾಲಿನ ಅಲರ್ಜಿಯಂತಹ ಕಾರಣವಿದ್ದಲ್ಲಿ ಪೋಷಕಾಂಶ ಬೆರೆಸಿದ ಸೋಯಾ ಪಾನೀಯವೊಂದನ್ನು ಮಾತ್ರ ಒಪ್ಪಬಹುದೆಂದವು. ಪೇಟೆಯ ಬಂಧುಗಳ ಮಾತು ಕೇಳಿ ಒಂದೂವರೆ-ಎರಡು ವರ್ಷದ ಮಗುವಿಗೆ ಬಾದಾಮಿ ಪಾನೀಯವನ್ನೇ ಕೊಡುತ್ತ, ತೂಕ ಏರುತ್ತಿಲ್ಲವೆಂದು ನಮ್ಮ ಬಳಿ ಬಂದ ತಾಯಂದಿರಿದ್ದಾರೆ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ, ಲೋಟದಲ್ಲಿ ಕೊರತೆಯಿದೆ. ಒಂದು ಲೀಟರ್ ಬಾದಾಮಿ ಪಾನೀಯಕ್ಕೆ ಕೊಡುವ ಹಣದಲ್ಲಿ ನಾಲ್ಕೈದು ಲೀಟರ್ ನಂದಿನಿ ಹಾಲು ಬರುತ್ತದೆ ಎಂಬುದನ್ನೂ ನೆನಪಿಡಬೇಕು.

ಅತಿಯೂ ಸಲ್ಲದು. ಊಟ ಮಾಡದ ಮಗುವಿಗೆ ದಿನಕ್ಕೆ ಲೀಟರುಗಟ್ಟಲೆ ಹಾಲು ಕುಡಿಸಿದರೆ ಹಸಿವೆ ಸತ್ತು, ಕಬ್ಬಿಣದ ಅಂಶ ಸಾಲದೆ ಮಗು ಬಿಳಿಚಿಕೊಳ್ಳುತ್ತದೆ. ಎರಡು ಲೋಟ ಸಾಕು. ಉಳಿದ ಹಸಿವನ್ನು ಅನ್ನ, ಬೇಳೆ, ಸೊಪ್ಪು, ಮುದ್ದೆ ತುಂಬಲಿ.

ಹಾಲು ಒಗ್ಗದವರು ಪಾಪಿಗಳಲ್ಲ

ಇನ್ನು ಹಿರಿಯರ ಮಾತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಕಿಣ್ವ ಶೈಶವದಲ್ಲಿ ಎಲ್ಲರಲ್ಲಿಯೂ ಇರುತ್ತದೆ. ಬೆಳೆದಂತೆ ಅನೇಕರಲ್ಲಿ ಕುಗ್ಗುತ್ತದೆ. ಇದು ರೋಗವಲ್ಲ, ದೇಹದ ಸ್ವಭಾವ. ಉತ್ತರ ಭಾರತದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಹಾಲು ಕುಡಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ಉಬ್ಬರಿಸುವುದು, ಗುಡುಗುಡು ಸದ್ದು, ಭೇದಿ ಇದರ ಲಕ್ಷಣಗಳು. ಆದರೂ "ರಾತ್ರಿ ಹಾಲು ಕುಡಿಯದಿದ್ದರೆ ಶಕ್ತಿ ಬಾರದು" ಎಂದು ಹಟದಿಂದ ಕುಡಿದು, ಬೆಳಿಗ್ಗೆ ಗ್ಯಾಸಿನ ಮಾತ್ರೆ ನುಂಗುವ ಹಿರಿಯರನ್ನು ನಾವು ವಾರಕ್ಕೆ ಹಲವರನ್ನಾದರೂ ಕಾಣುತ್ತೇವೆ. ಅವರಿಗೆ ನಾವು ಹೇಳುವುದಿಷ್ಟೆ: ಹಾಲು ಬಿಡಿ, ಮಜ್ಜಿಗೆ ಹಿಡಿಯಿರಿ. ಹಾಲು ಹೆಪ್ಪುಗಟ್ಟುವಾಗ ಅದರೊಳಗಿನ ಸೂಕ್ಷ್ಮಜೀವಿಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ತಾವೇ ಉಂಡಿರುತ್ತವೆ. ಹಾಲು ಒಗ್ಗದ ಬಹುಮಂದಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ. ಹಗಲೂಟದ ಕೊನೆಯಲ್ಲಿ ಬೆಣ್ಣೆ ತೆಗೆದ ಮಜ್ಜಿಗೆಗೆ ಜೀರಿಗೆ, ಶುಂಠಿ, ಕರಿಬೇವು ಸೇರಿಸಿ ಕುಡಿದರೆ ಅಗ್ನಿಯೂ ದೀಪ್ತವಾಗುತ್ತದೆ, ಕ್ಯಾಲ್ಸಿಯಂ ಕೂಡ ದೊರೆಯುತ್ತದೆ. ರಾತ್ರಿ ಮೊಸರು ಬೇಡವೆಂಬ ಶಾಸ್ತ್ರದ ಮಾತನ್ನು ಮರೆಯಬಾರದು.

ಹಾಲನ್ನೇ ಕುಡಿಯಬೇಕೆನ್ನುವವರು ಆಯುರ್ವೇದದ ಕ್ಷೀರಪಾಕ ಕ್ರಮದಿಂದ ಕಲಿಯಬಹುದು. ಒಂದು ಭಾಗ ಔಷಧ, ಎಂಟು ಭಾಗ ಹಾಲು, ಮೂವತ್ತೆರಡು ಭಾಗ ನೀರು ಸೇರಿಸಿ, ನೀರು ಇಂಗಿ ಹಾಲಷ್ಟೇ ಉಳಿಯುವವರೆಗೆ ಕುದಿಸುವುದು ಆ ಕ್ರಮ. ಮನೆಯಲ್ಲಿ ಅಷ್ಟು ಮಾಡದಿದ್ದರೂ ಸಮಪಾಲು ನೀರು, ಚಿಟಿಕೆ ಶುಂಠಿ ಹಾಕಿ ಕುದಿಸಿ, ಕಾಲು ಲೋಟದಿಂದ ಆರಂಭಿಸಿದರೆ ಅನೇಕರು ತಾಳಿಕೊಳ್ಳುತ್ತಾರೆ. ಹಾಲಿನ ಪ್ರೋಟೀನಿಗೆ ಬರುವ ಅಲರ್ಜಿ ಇದರಿಂದ ಭಿನ್ನ. ಹಾಲು ಸೋಕಿದೊಡನೆ ಮೈ ದದ್ದೇಳುವುದು, ತುಟಿ ಊದುವುದು, ಉಸಿರು ಕಟ್ಟುವುದು, ಕೂಸಿನ ಮಲದಲ್ಲಿ ರಕ್ತ ಕಾಣುವುದು ಅದರ ಚಿಹ್ನೆಗಳು. ಅಂಥಲ್ಲಿ ಮಜ್ಜಿಗೆಯೂ ಸಲ್ಲದು, ಮನೆಮದ್ದೂ ಸಲ್ಲದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮದೇ ಸಸ್ಯಜನ್ಯ ಹಾಲುಗಳು

ಸಸ್ಯಗಳಿಂದ ಹಾಲು ತೆಗೆಯುವುದನ್ನು ನಮಗೆ ಹೊರದೇಶದವರು ಕಲಿಸಬೇಕಾಗಿಲ್ಲ. ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ಒತ್ತುಶಾವಿಗೆಗೆ ಕಾಯಿಹಾಲು ಎಷ್ಟು ತಲೆಮಾರುಗಳಿಂದ ನಡೆದು ಬಂದಿದೆ! ನೆನೆಸಿದ ರಾಗಿಯನ್ನು ಅರೆದು, ಹಿಂಡಿ, ಆ ಹಾಲಿಗೆ ಬೆಲ್ಲ ಸೇರಿಸಿ ಕಾಸಿದ ಹಾಲುಬಾಯಿ, ಗಸಗಸೆ-ಕಾಯಿ ಅರೆದ ಪಾಯಸ, ಎಳ್ಳು ಅರೆದು ಬೆಲ್ಲ ಬೆರೆಸಿದ ಪಾನಕ ಎಲ್ಲವೂ ನಮ್ಮವೇ. ಆದರೆ ನಮ್ಮ ಅಜ್ಜಿಯರು ಇವುಗಳನ್ನು ಹಾಲಿಗೆ ಬದಲಾಗಿ ಎಂದೂ ಇಡಲಿಲ್ಲ. ಅವು ತಮ್ಮ ಪಾಡಿಗೆ ತಾವು ಆಹಾರಗಳು.

ಹಾಲು ಒಗ್ಗದ ಹಿರಿಯರಿಗೆ ಇವೇ ನೆರವಾಗುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸಿಪ್ಪೆ ಸಹಿತವಾದ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂಗೂ ಹೆಚ್ಚು. ಹುರುಳಿ, ನುಗ್ಗೆಸೊಪ್ಪುಗಳೂ ಹಿಂದೆ ಬಿದ್ದಿಲ್ಲ. ಧಾನ್ಯ, ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಸ್ವಲ್ಪ ತಡೆಯುತ್ತದೆ. ನೆನೆಸಿ ಮೊಳಕೆ ಕಟ್ಟಿದಾಗ ಆ ತಡೆ ಕಡಿಮೆಯಾಗುತ್ತದೆ. ಕೂಸುಗಳಿಗೆ ಮೊಳಕೆ ಕಟ್ಟಿದ ರಾಗಿಯ ಸರಿ ಮಾಡುತ್ತಿದ್ದ ನಮ್ಮ ತಾಯಂದಿರಿಗೆ ಫೈಟೇಟಿನ ಹೆಸರು ತಿಳಿದಿರಲಿಲ್ಲ, ಅದನ್ನು ಕಳೆಯುವ ವಿದ್ಯೆ ತಿಳಿದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತದೆ. ಒಂದು ಮುದ್ದೆ, ಎರಡು ಲೋಟ ಮಜ್ಜಿಗೆ, ಸೊಪ್ಪಿನ ಸಾರು, ಒಂದು ಚಮಚ ಎಳ್ಳಿನ ಪುಡಿ, ಮೈಗೆ ಒಂದಿಷ್ಟು ಬಿಸಿಲು ಇದ್ದವರು ಬಾದಾಮಿ ಪಾನೀಯಕ್ಕಾಗಿ ಹಾಸನದ ಅಂಗಡಿಗೆ ಹೋಗಬೇಕಾಗಿಲ್ಲ. ಬಾದಾಮಿಯ ಮೇಲೆ ಆಸೆಯಿದ್ದರೆ ಐದಾರನ್ನು ನೆನೆಸಿ ಅಗಿದು ತಿನ್ನಲಿ. ಸೋಸಿ ಎಸೆಯುವ ಚರಟದಲ್ಲಿರುವ ಸತ್ತ್ವವೂ ಹೊಟ್ಟೆ ಸೇರುತ್ತದೆ. ಸೋಯಾ ಹಾಲನ್ನು ಮನೆಯಲ್ಲಿ ಮಾಡುವವರು ಕಾಳನ್ನು ಚೆನ್ನಾಗಿ ನೆನೆಸಿ, ಹಿಂಡಿದ ಹಾಲನ್ನು ಬಹಳ ಹೊತ್ತು ಕುದಿಸಬೇಕು. ಹಸಿಯ ಸೋಯಾ ಪ್ರೋಟೀನಿನ ಪಚನವನ್ನೇ ತಡೆಯುತ್ತದೆ.

ದಯೆಯ ಪ್ರಶ್ನೆ, ಭಯದ ಪ್ರಶ್ನೆ

ಹಾಲು ಬಿಡಬೇಕೆನ್ನುವ ಯುವಕರಲ್ಲಿ ಕೆಲವರು ಆರೋಗ್ಯಕ್ಕಾಗಿ ಅಲ್ಲ, ದಯೆಗಾಗಿ ಹಾಗೆನ್ನುತ್ತಾರೆ. ಕರುವಿನ ಪಾಲನ್ನು ನಾವು ಕಸಿಯುತ್ತಿದ್ದೇವೆ, ಗಂಡುಕರುವನ್ನು ಬೀದಿಗೆ ಬಿಡುತ್ತಿದ್ದೇವೆ ಎಂಬುದು ಅವರ ಆಕ್ಷೇಪ. ಇದನ್ನು ಹುಡುಗಾಟವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಅಮೃತಮಹಲ್, ಹಳ್ಳಿಕಾರ್ ತಳಿಗಳ ಕಾಲದಲ್ಲಿ ಹಸು ಕೊಡುತ್ತಿದ್ದ ಹಾಲು ಅಲ್ಪ. ಗಂಡುಕರು ಹುಟ್ಟಿದರೆ ಉಳುವ ಎತ್ತಾಯಿತೆಂದು ಮನೆ ಸಂಭ್ರಮಿಸುತ್ತಿತ್ತು. ಈಗ ಸೀಮೆಹಸುವಿನ ಗಂಡುಕರು ಯಾರಿಗೂ ಬೇಡ. ದಯೆಯನ್ನು ಧರ್ಮವೆಂದು ನಂಬಿದ ನಾವು ಈ ಪ್ರಶ್ನೆಗೆ ಕಿವಿಗೊಡಲೇಬೇಕು: ಕರುವಿಗೆ ಗಿಣ್ಣುಹಾಲು ಹೊಟ್ಟೆತುಂಬ ಸಿಗಬೇಕು, ಕರುವಿನ ಪಾಲು ಬಿಟ್ಟೇ ಕರೆಯಬೇಕು, ಬತ್ತಿದ ಹಸುವನ್ನು ಉಪವಾಸ ಕೆಡವಬಾರದು. ವಿಚಾರಪೂರ್ವಕವಾಗಿ ಹಾಲು ತೊರೆದ ವಯಸ್ಕರನ್ನು ನಾವು ಗೌರವಿಸುತ್ತೇವೆ. ಬಿ12 ಮರೆಯದಿರಿ ಎಂದಷ್ಟೇ ಹೇಳುತ್ತೇವೆ. ಆದರೆ ಆ ವ್ರತವನ್ನು ಎರಡು ವರ್ಷದ ಮಗುವಿನ ಮೇಲೆ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಹೇರುವುದು ದಯೆಯಾಗದು.

ಇನ್ನು ಕೆಲವರು ಬಿಡುವುದು ಭಯದಿಂದ. ಕಲಬೆರಕೆ ಹಾಲಿನಿಂದ ಭಾರತೀಯರಲ್ಲಿ ನೂರಕ್ಕೆ 87 ಮಂದಿಗೆ 2025ರೊಳಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅಂತಹ ಯಾವ ಎಚ್ಚರಿಕೆಯನ್ನೂ ಆ ಸಂಸ್ಥೆ ಕೊಟ್ಟಿಲ್ಲವೆಂದು ಸರಕಾರವೇ ಸ್ಪಷ್ಟಪಡಿಸಿದೆ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅದಕ್ಕಿಂತ ದೊಡ್ಡ ದೋಷವಾಗಿ ಕಂಡದ್ದು ನೂರಕ್ಕೆ ಸುಮಾರು ಆರು ಮಾದರಿಗಳಲ್ಲಿದ್ದ ಅಫ್ಲಾಟಾಕ್ಸಿನ್. ಬೂಷ್ಟು ಹಿಡಿದ ಮೇವು, ಹಿಂಡಿಗಳಿಂದ ಹಾಲಿಗೆ ಬರುವ ವಿಷ ಅದು. ಹಸು ಸಾಕುವ ಭಕ್ತರು ಮುಗ್ಗಿದ ಹಿಂಡಿ, ಬೂಸಾ ಹಾಕಬಾರದು. ಹಸುವಿಗೆ ಚುಚ್ಚುಮದ್ದು ಕೊಡಿಸಿದಾಗ ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನು ಬಳಕೆಗೆ ಬಿಡಬಾರದು. ಕರೆದ ಬಿಸಿಹಾಲನ್ನು ಹಾಗೆಯೇ ಕುಡಿಯುವ ಧಾರೋಷ್ಣದ ಪ್ರಶಂಸೆ ಗ್ರಂಥಗಳಲ್ಲಿದೆ, ನಾವು ಬಲ್ಲೆವು. ಆದರೆ ಬ್ರುಸೆಲ್ಲೋಸಿಸ್, ಕ್ಷಯಗಳು ಹಸಿಹಾಲಿನಿಂದ ಹರಡುವುದು ದೃಢಪಟ್ಟಿರುವ ಇಂದು ಕೊಟ್ಟಿಗೆಯ ಹಾಲನ್ನು ಕುದಿಸದೆ ಯಾರೂ ಕುಡಿಯಬಾರದು.

ಡೇರಿಗೆ ಹೋಗುವ ಮುನ್ನ

ಕೊನೆಯಲ್ಲಿ, ಈ ಲೇಖನದ ನಿಜವಾದ ಕಾಳಜಿಗೆ ಬರುತ್ತೇವೆ. ಬಾದಾಮಿಯೋ ಹಸುವೋ ಎಂಬ ಚರ್ಚೆ ಪೇಟೆಯದು. ನಮ್ಮ ಹಳೇಬೀಡು, ಜಾವಗಲ್ ಕಡೆಯ ಹಳ್ಳಿಗಳಲ್ಲಿ ನಾವು ಕಾಣುವ ಸಂಕಟ ಬೇರೆ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು; ಬೆಳಗಿನ ಜಾವ ಕರೆದ ಹಾಲಷ್ಟೂ ಕ್ಯಾನಿನಲ್ಲಿ ಡೇರಿಗೆ; ಮನೆಯ ಮಗುವಿಗೆ ಬಣ್ಣಕ್ಕೆಂದು ಎರಡು ಚಮಚ ಹಾಲು ಬಿಟ್ಟ ಟೀ ಮತ್ತು ಒಂದು ಬನ್ನು. ಟೀ ಊಟದ ಕಬ್ಬಿಣದ ಅಂಶ ಮೈಗೆ ಹತ್ತದಂತೆಯೂ ತಡೆಯುತ್ತದೆ. ಹಾಲು ಮಾರುವ ಮನೆಯ ಮಗು ರಕ್ತಹೀನತೆಯಿಂದ ಬಳಲುವುದನ್ನು ನೋಡಿದಾಗ ನಮಗೆ ನೋವಾಗುತ್ತದೆ. ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಂತೂ ಹಸುವೂ ಇಲ್ಲ, ಹಾಲೂ ಇಲ್ಲ.

ದೋಷ ತಂದೆತಾಯಿಗಳದೆಂದು ನಾವು ಹೇಳುವುದಿಲ್ಲ. ಹಿಂಡಿಯ ಬೆಲೆ, ಸಾಲದ ಕಂತು, ಶಾಲೆಯ ಶುಲ್ಕ ಎಲ್ಲಕ್ಕೂ ಡೇರಿಯ ಬಟವಾಡೆಯೇ ಆಧಾರ. ಲೀಟರಿಗೆ ಇಷ್ಟೆಂದು ಸರಕಾರ ಕೊಡುವ ಪ್ರೋತ್ಸಾಹಧನವೂ ಡೇರಿಗೆ ಹಾಕಿದ ಹಾಲಿಗೇ ಹೊರತು ಮನೆಯಲ್ಲಿ ಕುಡಿದ ಹಾಲಿಗಲ್ಲ. ಆದರೂ ಲೆಕ್ಕ ಹಾಕಿ ನೋಡಬೇಕು. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆ ಇಬ್ಬರು ಮಕ್ಕಳಿಗೆ ಒಂದೊಂದು ಲೋಟ ಉಳಿಸಿಕೊಂಡರೆ ಕಡಿಮೆಯಾಗುವುದು ಅರ್ಧ ಲೀಟರಿಗೂ ಒಳಗೆ. ಆ ಹಣ ಮುಂದೆ ಟಾನಿಕ್ಕಿನ ಬಾಟಲಿಗೆ ಕೊಡುವುದಕ್ಕಿಂತ ಬಹಳ ಕಡಿಮೆ.

2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ಶಾಲೆಯ ಮಕ್ಕಳಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲನ್ನು ಕೊಡುತ್ತಿದೆ. 2024ರ ಫೆಬ್ರುವರಿಯಿಂದ ಅದರೊಡನೆ ರಾಗಿ ಮಾಲ್ಟ್ ಬೆರೆತಿದೆ. ಪ್ರಾಣಿಜನ್ಯವೋ ಸಸ್ಯಜನ್ಯವೋ ಎಂಬ ಜಗಳವಿಲ್ಲದೆ ಹಾಲೂ ರಾಗಿಯೂ ಒಂದೇ ಲೋಟದಲ್ಲಿ ಕೂಡಿರುವುದು ನಮಗೆ ಬಹಳ ಸಮಾಧಾನ ತಂದಿದೆ. ಆದರೆ ಭಾನುವಾರ, ದಸರೆ, ಬೇಸಿಗೆಯ ರಜೆಗಳಲ್ಲಿ ಆ ಲೋಟ ಖಾಲಿ. ಆ ದಿನಗಳಲ್ಲಿ ಅದನ್ನು ತುಂಬುವ ಹೊಣೆ ಮನೆಯದು. ಮನೆಗೆ ಆಗದಿದ್ದರೆ ದಾಸೋಹದ ಪರಂಪರೆಯುಳ್ಳ ನಮ್ಮೆಲ್ಲರದು. ಹುಟ್ಟುಹಬ್ಬ, ಹಿರಿಯರ ಸ್ಮರಣೆಯ ದಿನಗಳಲ್ಲಿ ಭಕ್ತರು ತಮ್ಮೂರಿನ ಅಂಗನವಾಡಿಯ ಮಕ್ಕಳಿಗೋ ಹತ್ತಿರದ ಲೈನ್ ಮನೆಗಳ ಮಕ್ಕಳಿಗೋ ಕಾಯಿಸಿದ ಹಾಲು-ರಾಗಿಯ ಒಂದೊಂದು ಲೋಟ ಕೊಡುವಂತಾದರೆ ಅದಕ್ಕಿಂತ ಮಿಗಿಲಾದ ಕ್ಷೀರಸೇವೆ ನಮಗೆ ಕಾಣದು.

ಭಕ್ತಾದಿಗಳಲ್ಲಿ ನಮ್ಮ ವಿನಂತಿ ಇಷ್ಟು. ಕೂಸಿಗೆ ತಾಯಿಯ ಹಾಲು. ಬೆಳೆಯುವ ಮಗುವಿಗೆ ಕುದಿಸಿದ ಹಸುವಿನ ಅಥವಾ ಎಮ್ಮೆಯ ಹಾಲು ದಿನಕ್ಕೆ ಎರಡು ಲೋಟ. ಒಗ್ಗುವ ವಯಸ್ಕರಿಗೆ ಹಾಲು-ಮೊಸರು ಸೇರಿ ಸುಮಾರು 300 ಮಿಲಿಲೀಟರ್. 2024ರ ರಾಷ್ಟ್ರೀಯ ಪೋಷಣ ಸಂಸ್ಥೆಯ ಮಾರ್ಗಸೂಚಿಯೂ ಇಷ್ಟನ್ನೇ ಹೇಳುತ್ತದೆ. ಒಗ್ಗದವರಿಗೆ ಮಜ್ಜಿಗೆ, ರಾಗಿ, ಎಳ್ಳು. ಹಾಲನ್ನು ಸಂಪೂರ್ಣ ತೊರೆದವರಿಗೆ ಬಿ12 ಮತ್ತು ವೈದ್ಯರ ಸಲಹೆ. ಬಾದಾಮಿ ಪಾನೀಯ ರುಚಿಗೆ ಬೇಕೆಂದರೆ ಕುಡಿಯಲಿ, ಪೋಷಣೆಗೆಂದು ನಂಬಿ ಮೋಸಹೋಗದಿರಲಿ. ನಾಳೆ ಮುಂಜಾನೆ ಕ್ಯಾನಿನ ಮುಚ್ಚಳ ಹಾಕುವ ಮುನ್ನ ಮನೆಯ ಮಗುವಿನ ಲೋಟ ತುಂಬಿದೆಯೇ ಎಂದು ಒಮ್ಮೆ ನೋಡಿರಿ.